255ರ ಪಂಪ್ ಒಂದೇ ಸಾಕು, ಕರೆಂಟ್ ಸರಿಯಾಗಿ ಕೊಟ್ರೆ: ನನ್ನ ಅನುಭವ

ಇನ್-ಟ್ಯಾಂಕ್ 255 ಪಂಪ್ (ಪೆಟ್ರೋಲ್ ಟ್ಯಾಂಕ್ ಒಳಗೇ ಕೂರೋದು, ಗಂಟೆಗೆ 255 ಲೀಟರ್ ಲೆಕ್ಕ) ಒಂದೇ ಇಟ್ಕೊಂಡು 1.4 ಬಾರ್ ಬೂಸ್ಟ್ (ಟರ್ಬೊ ಇಂಜಿನ್ನಿಗೆ ಒತ್ತೋ ಗಾಳಿಯ ಪ್ರೆಶರ್) ಓಡಿಸ್ತೀನಿ ಅಂದಾಗ, ಇಂಜಿನ್ ಕಂಪ್ಯೂಟರ್ ಸೆಟ್ ಮಾಡೋ ನನ್ನ ಟ್ಯೂನರ್ ಸೇರಿ ಒಬ್ರೂ ಒಪ್ಪಲಿಲ್ಲ. ಸರ್ಜ್ ಟ್ಯಾಂಕ್ (ಪೆಟ್ರೋಲ್ ಕೊರತೆ ಆಗದ ಹಾಗೆ ಇಡೋ ಚಿಕ್ಕ ಎರಡನೇ ಟ್ಯಾಂಕು) ಹಾಕ್ಸು, ಇನ್ನೊಂದು ಪಂಪ್ ಹಾಕು, ಇಲ್ಲಾಂದ್ರೆ ಸೀದಾ ಗಂಟೆಗೆ 450 ಲೀಟರಿನ ಪಂಪಿಗೆ ಹೋಗು ಅಂತಾನೇ ಎಲ್ರೂ ಅಂದಿದ್ದು. ಈಗ ಅದೇ 255ರಲ್ಲಿ ಗಾಡಿ ಹತ್ತಿರ ಹತ್ತಿರ 380 ಎಚ್‌ಪಿ ಕೊಡ್ತಾ ಇದೆ, ರೆಡ್‌ಲೈನ್ ತನಕ ಎಳೆದ್ರೂ ರೇಲ್ (ಇಂಜೆಕ್ಟರಿಗೆ ಪೆಟ್ರೋಲ್ ಹಂಚೋ ಪೈಪು) ಪ್ರೆಶರ್ ಬೀಳಲ್ಲ, ಲಾಗ್ ಇಟ್ಕೊಂಡಿದೀನಿ, ಅದಕ್ಕೇ ಬರೀತಿರೋದು. ಸೀಟ್ ಎತ್ತಿ ಮುಚ್ಚಳ ತೆಗೆಯೋದು, ಅಸೆಂಬ್ಲಿ ಹೊರಗೆ ಎಳೆಯೋದು ಇದೆಲ್ಲ ನಿಮಗೆ ಗೊತ್ತಿರೋದೇ. ದುಡ್ಡು ಎಲ್ಲಿ ಹೋಯ್ತು, ಕೆಲಸ ಎಲ್ಲಿ ಆಯ್ತು, ಅಷ್ಟು ಹೇಳ್ತೀನಿ.

ಗಾಡಿ 2 ಲೀಟರ್ ನಾಲ್ಕು ಸಿಲಿಂಡರ್, ಟರ್ಬೊ ಕಂಪನಿದಕ್ಕಿಂತ ದೊಡ್ಡದು, 750 ಸಿಸಿ ಇಂಜೆಕ್ಟರ್, ಉಳಿದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಲೈನ್ ಇರೋ ಸಿಸ್ಟಮ್ಮು. ರೇಲ್ ಪ್ರೆಶರ್ ಹಿಡಿದಿಡೋ ರೆಗ್ಯುಲೇಟರಿನ ಬೇಸ್ 3 ಬಾರ್, ಅದರ ಮೇಲೆ ಬೂಸ್ಟ್ ಎಷ್ಟು ಏರುತ್ತೋ ಅಷ್ಟೇ ರೇಲಲ್ಲೂ ಏರ್ಬೇಕು, ಅಂದ್ರೆ 1.4ರಲ್ಲಿ 4.4. ಕಂಪನಿ ಪಂಪ್ 1 ಬಾರ್ ದಾಟ್ತಿದ್ದಂಗೆ ಕೈ ಎತ್ತಿತ್ತು, ಅದರಲ್ಲಿ ಆಶ್ಚರ್ಯ ಏನಿಲ್ಲ. ಆದ್ರೆ 255 ಹಾಕಿದ ಮೇಲೂ 5000 ಆರ್‌ಪಿಎಂ ತನಕ 11.5 ಇರ್ತಿದ್ದ, ಗಾಳಿ-ಪೆಟ್ರೋಲ್ ಅನುಪಾತ ತೋರಿಸೋ ಎಎಫ್‌ಆರ್ ಅಲ್ಲಿಂದ ಮೇಲೆ 12.8ಕ್ಕೆ ಓಡೋದು, ಗೇಜಲ್ಲಿ 4.4 ಬದಲು 3.6, 3.7 ಹಂಗೆ ಕಾಣೋದು. ಟರ್ಬೊ ಇಂಜಿನ್ನಲ್ಲಿ ಫುಲ್ ಬೂಸ್ಟಲ್ಲಿ ಹಂಗೆ ಲೀನ್ (ಗಾಳಿಗೆ ಪೆಟ್ರೋಲ್ ಕಮ್ಮಿ) ಆದ್ರೆ ಪಿಸ್ಟನ್ ಉಳಿಯಲ್ಲ, ಅಲ್ಲೇ ಕಾಲು ತೆಗೀತಿದ್ದೆ. ಎಲ್ರೂ "ನೋಡು, ಹೇಳಿರ್ಲಿಲ್ವಾ" ಅಂದ್ರು.

ಮೊದಲು ಹಾಕಿದ ಆ 255 ನಕಲಿ ಅನ್ನೋದು ಆಮೇಲೆ ಗೊತ್ತಾಯ್ತು. ಡಬ್ಬ ಅದೇ, ಪಂಪ್ ಮೇಲಿನ ಅಚ್ಚೂ ಅದೇ, ರೇಟ್ ಮಾತ್ರ ಅಸಲಿಯ ಅರ್ಧ. ಪ್ರೆಶರ್ ಇಲ್ದೇ ಬಿಟ್ರೆ ಧಾರಾಳವಾಗಿ ಸುರಿಯೋದು, 4 ಬಾರ್ ಕೊಡ್ತಿದ್ದಂಗೆ ಸಣ್ಣ ಧಾರೆ. ಮಾರಿದವನು ವಾಪಸ್ ತಗೊಳ್ಳಲಿಲ್ಲ, ಆ ದುಡ್ಡು ಹೋಯ್ತು. ಆಮೇಲೆ ಅಸಲಿ ವಾಲ್‌ಬ್ರೊ 255 ತಂದೆ, ಹೈ ಪ್ರೆಶರ್ ಮಾಡೆಲ್ಲು. ವಾಸಿ ಆಯ್ತು, ಆದ್ರೂ ಮೇಲ್ಗಡೆ ಲೀನ್ ಪೂರ್ತಿ ಹೋಗಲಿಲ್ಲ.

ಇನ್ನೊಂದು ಕಾಟ ಹೋಸ್‌ದು. ಅಸಲಿ ಪಂಪ್ ಕೂರಿಸಿದ ವರ್ಕ್‌ಶಾಪ್‌ನವರು ಟ್ಯಾಂಕ್ ಒಳಗೆ ಮಾಮೂಲಿ ಫ್ಯೂಯೆಲ್ ಹೋಸ್ ಹಾಕಿ ಕಳ್ಸಿದ್ರು. ಒಳಗಡೆಯಿಂದ ಪೆಟ್ರೋಲ್ ತಡೆಯೋ ಹೋಸು ಹೊರಗಡೆಯಿಂದಾನೂ ತಡೆಯುತ್ತೆ ಅಂತೇನಿಲ್ಲ, ಮೂರ್ನಾಕು ತಿಂಗಳಿಗೆ ಅದು ಊದ್ಕೊಂಡು ಮೆತ್ತಗಾಗಿ, ಉಗುರಲ್ಲಿ ಒತ್ತಿದ್ರೆ ಗುರುತು ಬೀಳೋ ಹಂಗೆ ಆಗಿತ್ತು, ಕ್ಲಾಂಪ್ ಹತ್ರ ಸೀಳಿ ಅಲ್ಲೇ ಪ್ರೆಶರ್ ಟ್ಯಾಂಕ್ ಒಳಗೇ ಸೋರ್ತಿತ್ತು. ಹೊರಗೆ ಒಂದು ಹನಿ ಕಾಣಲ್ಲ, ಬೈಗುಳ ಎಲ್ಲಾ ಪಂಪಿಗೆ. ಮುಳುಗಿಸೋ ಜಾಗಕ್ಕೆ ಜೆ30 ಆರ್10 ಅಂತ ಅಚ್ಚಾಗಿರೋ ಹೋಸೇ ಬೇಕು, ಗೇಣುದ್ದಕ್ಕೆ ಮಾಮೂಲಿ ಹೋಸ್ ಮೀಟರ್‌ಗಟ್ಟಲೆ ಬರೋಷ್ಟು ದುಡ್ಡು ಕೇಳ್ತಾರೆ, ಕೊಟ್ಟುಬಿಡಿ. ಕ್ಲಾಂಪೂ ಅಷ್ಟೇ, ಸ್ಕ್ರೂ ತಿರುಗಿಸಿದ್ರೆ ಹಲ್ಲು ರಬ್ಬರ್ ಕಚ್ಚೋ ಥರದ್ದು ಬೇಡ, ಇಂಜೆಕ್ಷನ್ ಲೈನಿಗೆ ಬರೋ ನುಣುಪು ಪಟ್ಟಿದು ಹಾಕಿ.

ಎಲ್ರ ಮಾತು ಕೇಳಿ ಇನ್‌ಲೈನ್ ಪಂಪನ್ನೂ ಟ್ರೈ ಮಾಡ್ದೆ, ಟ್ಯಾಂಕ್ ಹೊರಗೆ ಸೀರೀಸಲ್ಲಿ. ಲೀನ್ ಕಮ್ಮಿ ಆಯ್ತು, ಆದ್ರೆ ಆ ಗುಯ್ ಅನ್ನೋ ಶಬ್ದ ಕ್ಯಾಬಿನ್ನಲ್ಲಿ ಕೂರೋಕೆ ಬಿಡ್ತಿರ್ಲಿಲ್ಲ, ಜೊತೆಗೆ ಟ್ರಾಫಿಕ್ಕಲ್ಲಿ ಪೆಟ್ರೋಲ್ ಬಿಸಿಯಾಗಿ ಐಡಲ್ ಅಲ್ಲಾಡೋದು. ಎರಡರಲ್ಲಿ ಒಂದು ಕೆಟ್ರೂ ಪೂರ್ತಿ ಬೂಸ್ಟಲ್ಲಿ ಗೊತ್ತಾಗೋ ಹೊತ್ತಿಗೆ ಇಂಜಿನ್ ಹೋಗಿರುತ್ತೆ ಅನ್ನೋ ಭಯ ಬೇರೆ. ಅದನ್ನ ಬಿಚ್ಚಿ 450 ಹಾಕ್ಸಿದ್ರು. ಅದರ ಕಥೆ ಇನ್ನೊಂಥರ: ಮೇಲ್ಗಡೆ ಚೆನ್ನಾಗಿ ಬಂತು, ಕೆಳಗಡೆ ಕೆಡ್ತು. ಐಡಲಲ್ಲಿ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತು ನೋಡಿದ್ರೆ 3 ಬಾರ್ ಇರ್ಬೇಕಾದ್ದು 3.7ರಿಂದ ಕೆಳಗೆ ಇಳಿಯೋದೇ ಇಲ್ಲ, ಯಾಕಂದ್ರೆ ಅಷ್ಟು ಪೆಟ್ರೋಲನ್ನ ವಾಪಸ್ ಕಳ್ಸೋ ತಾಕತ್ತು ಕಂಪನಿ ರಿಟರ್ನ್ ಪೈಪಿಗೆ ಇಲ್ಲ. ಗಾಡಿ ನಿಂತಲ್ಲೇ ರಿಚ್ (ಪೆಟ್ರೋಲ್ ಜಾಸ್ತಿ) ಓಡಿ ಪ್ಲಗ್ ಕಪ್ಪಾಗ್ತಿತ್ತು. ಅದಕ್ಕಿಂತ ಹೆದರಿಸಿದ್ದು ಟಾಪ್ ಪ್ಲೇಟಿನ ಕನೆಕ್ಟರು. ಕಂಪನಿ ಪಂಪಿನ 5 ಆಂಪ್ಸ್ ಲೆಕ್ಕದಲ್ಲಿ ಮಾಡಿರೋ ಪಿನ್ನಲ್ಲಿ ಅದರ ಮೂರು ಪಟ್ಟು ಹರಿದ್ರೆ ಏನಾಗುತ್ತೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಪಿನ್ ಸುತ್ತ ಕರಗೋಕೆ ಶುರು ಆಗಿತ್ತು, ಪೆಟ್ರೋಲ್ ಟ್ಯಾಂಕ್ ತಲೆ ಮೇಲೆ!

ಆ ಕರಗಿದ ಪಿನ್ ನೋಡಿದ ಮೇಲೇ ತಲೆ ವೈರಿಂಗ್ ಕಡೆ ಓಡಿದ್ದು. 255ನ್ನೇ ವಾಪಸ್ ಹಾಕಿ ಮಲ್ಟಿಮೀಟರ್ ತಂತಿ ಸೀಟ್ ತನಕ ಎಳ್ಕೊಂಡು ನೋಡ್ದೆ. ಬ್ಯಾಟರಿ ಹತ್ರ 13.8 ವೋಲ್ಟ್, ಲೋಡಲ್ಲಿ ಪಂಪ್ ಹತ್ರ 11.2. ಎರಡೂವರೆ ವೋಲ್ಟ್ ದಾರೀಲೇ ಖಾಲಿ! ಪಂಪ್ ಡಬ್ಬದ ಮೇಲೆ 255 ಲೀಟರ್ ಅಂತ ಬರೆದಿರ್ತಾರಲ್ಲ, ಅದು 13.5 ವೋಲ್ಟಿಗೆ, ಅದೂ ಕಮ್ಮಿ ಪ್ರೆಶರಲ್ಲಿ.

ಇದನ್ನ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲಿಲ್ಲ, ಅದಕ್ಕೆ ಡಬ್ಬಿ ಟೆಸ್ಟ್ ಮಾಡ್ದೆ. ಬಯಲಲ್ಲಿ, ಪಕ್ಕದಲ್ಲಿ ಎಕ್ಸ್‌ಟಿಂಗ್ವಿಶರ್ ಇಟ್ಕೊಂಡು, ಲೋಹದ ಕ್ಯಾನಿಗೆ ಅರ್ತಿಂಗ್ ಕೊಟ್ಟು, ರಿಟರ್ನ್ ಪೈಪ್ ಅದರೊಳಗೆ ಬಿಟ್ಟೆ. ಇಂಜಿನ್ ಆಫ್, ರಿಲೇ ಜಂಪ್ ಮಾಡಿ ಪಂಪ್ ಆನ್, ಬ್ಯಾಟರಿಗೆ ದೊಡ್ಡ ಚಾರ್ಜರ್ ಹಾಕಿ 13.8ರಲ್ಲಿ ಹಿಡಿದಿಟ್ಟೆ. ಈಗ ಬೂಸ್ಟ್ ಎಲ್ಲಿಂದ ತರೋದು? ರೆಗ್ಯುಲೇಟರಿನ ವ್ಯಾಕ್ಯೂಮ್ ಮೂತಿಗೆ ಸೈಕಲ್ ಪಂಪ್ ಸಿಗಿಸಿ 1.4 ಬಾರ್ ಗಾಳಿ ಒತ್ತಿದೆ, ರೇಲ್ ಗೇಜ್ 4.4ಕ್ಕೆ ಏರಿ ನಿಂತ್ಕೊಳ್ತು. 30 ಸೆಕೆಂಡಿಗೆ ಕಂಪನಿ ವೈರಿಂಗಲ್ಲಿ ಬಂದಿದ್ದು 1.1 ಲೀಟರ್ ಆಜುಬಾಜು. ಅದೇ ಪಂಪಿಗೆ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು ಕೊಟ್ರೆ 1.7. ನನ್ನ ಇಂಜಿನ್ ಪೂರ್ತಿ ಬೂಸ್ಟಲ್ಲಿ ಕುಡಿಯೋದು 30 ಸೆಕೆಂಡಿಗೆ 1.2 ಲೀಟರ್ ಹತ್ರ. ಟ್ಯೂನರ್ ಕ್ಯಾನ್ ನೋಡಿದ, ಗೇಜ್ ನೋಡಿದ, ಆಮೇಲೆ ಸರ್ಜ್ ಟ್ಯಾಂಕ್ ಮಾತೇ ಎತ್ತಲಿಲ್ಲ.

ವೈರಿಂಗ್ ಹೀಗೆ: ಬ್ಯಾಟರಿ ಪಕ್ಕದಲ್ಲೇ 20 ಆಂಪ್ಸ್ ಫ್ಯೂಸು, ಅಲ್ಲಿಂದ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಹಿಂದಕ್ಕೆ, 40 ಆಂಪ್ಸ್ ರಿಲೇಯ 30 ನಂಬರಿನ ಪಿನ್ನಿಗೆ. 87ರಿಂದ ಪಂಪಿಗೆ. ಕಂಪನಿಯ ಪಂಪ್ ವೈರ್ 86ಕ್ಕೆ, 85 ಅರ್ತಿಂಗಿಗೆ. ಇಸಿಯು (ಇಂಜಿನ್ ಕಂಪ್ಯೂಟರ್) ಸ್ಟಾರ್ಟಿಗೆ ಮುಂಚೆ ಪಂಪ್ ಓಡಿಸಿ ಪ್ರೈಮ್ ಮಾಡೋದು, ಇಂಜಿನ್ ನಿಂತ್ರೆ ಪಂಪ್ ಕಟ್ ಮಾಡೋದು ಎಲ್ಲಾ ಮೊದಲಿನ ಥರಾನೇ ಇರುತ್ತೆ. ಪಂಪಿನ ನೆಗೆಟಿವ್ ವೈರೂ ಅಷ್ಟೇ ದಪ್ಪ ಇರ್ಲಿ, ಪೇಂಟ್ ಕೆರೆದು ಬರೀ ಲೋಹದ ಮೇಲೆ ಬೋಲ್ಟ್ ಹಾಕಿ. ಪಾಸಿಟಿವ್ ಮಾತ್ರ ಬದಲಾಯಿಸಿ ನೋಡಿದಾಗ ಅರ್ಧ ಲಾಭಾನೇ ಬಂದಿದ್ದು, ಉಳಿದರ್ಧ ಅರ್ತಿಂಗಲ್ಲಿ ಕೂತಿತ್ತು. ನಿಮ್ಮ ಗಾಡೀಲಿ ಪಂಪ್ ಸ್ಪೀಡನ್ನ ಕಂಟ್ರೋಲರ್ ಪಲ್ಸ್ ಕೊಟ್ಟು ನಡೆಸ್ತಿದ್ರೆ ಮಾತ್ರ ಹಿಂಗೆ ಮಾಡ್ಬೇಡಿ, ರಿಲೇ ಟಕಟಕ ಅಂತ ಬಡ್ಕೊಂಡು ಸಾಯುತ್ತೆ.

ಟಾಪ್ ಪ್ಲೇಟಲ್ಲಿ ಹಳೇ ಪಿನ್ ಬಿಟ್ಟು ತೂತು ಕೊರೆದು ಹಿತ್ತಾಳೆ ಸ್ಟಡ್ ಕೂರಿಸಿದೀನಿ, ಟ್ಯಾಂಕಿಂದ ಹೊರಗೆ ತೆಗೆದು, ಪೂರ್ತಿ ತೊಳೆದು ಒಣಗಿಸಿದ ಮೇಲೆ. ಒಳಗೆ ಏನು ಕೊಟ್ಟು ಸೀಲ್ ಮಾಡಿದೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ, ಎಷ್ಟೋ ಅಂಟುಗಳು ಪೆಟ್ರೋಲಲ್ಲಿ ಕರಗಿ ಬಂದ ಮೇಲೆ ಸಿಕ್ಕಿದ್ದು ಅದು. ಕಾಲು ಟ್ಯಾಂಕಲ್ಲೂ ಜೋರಾಗಿ ತಿರುವು ತಗೊಂಡ್ರೆ ಪಂಪ್ ಗಾಳಿ ಎಳೆಯದ ಹಾಗೆ ಬಕೆಟ್ಟಲ್ಲಿ (ಟ್ಯಾಂಕ್ ಒಳಗೆ ಪಂಪ್ ಕೂರೋ ಡಬ್ಬಿ) ಸಾಕ್ ಫಿಲ್ಟರ್ (ಪಂಪಿನ ಬಾಯಿಗೆ ಹಾಕೋ ಜಾಲರಿ) ತಿರುಗಿಸಿರೋ ರೀತೀನೂ ಅಷ್ಟೇ, ಹೇಳಲ್ಲ. ಬಕೆಟ್ ಮಾತ್ರ ಯಾರ ಮಾತು ಕೇಳಿಯೂ ಕತ್ತರಿಸ್ಬೇಡಿ.

ದುಡ್ಡಿನ ಲೆಕ್ಕ ಕೇಳಿದ್ರೆ, ವೈರು, ರಿಲೇ, ಫ್ಯೂಸು, ಲಗ್ಗು ಎಲ್ಲಾ ಸೇರಿ ಪಂಪಿನ ಬೆಲೆಯ ಕಾಲು ಭಾಗವೂ ಆಗಲಿಲ್ಲ. ನಕಲಿ ಪಂಪು, ಇನ್‌ಲೈನು, 450, ಮೂರರ ದುಡ್ಡು ಮತ್ತು ಬಿಚ್ಚಿ ಹಾಕಿದ ಕೂಲಿ ಕೂಡಿಸಿದ್ರೆ ಅಸಲಿ 255 ನಾಲ್ಕೈದು ಬರ್ತಿತ್ತು. ಇನ್‌ಲೈನ್ ಅರ್ಧ ಬೆಲೆಗೆ ಮಾರಿದೆ, 450 ಇನ್ನೂ ಕಪಾಟಲ್ಲಿದೆ.

ಮಧ್ಯದಲ್ಲಿ ಗೆಳೆಯನ ಹತ್ರ ವೋಲ್ಟೇಜ್ ಬೂಸ್ಟರ್ ಇತ್ತು, ಪಂಪಿಗೆ 16 ವೋಲ್ಟ್ ಕೊಡೋದು, ತಂದು ನೋಡ್ದೆ. 30 ಸೆಕೆಂಡಿಗೆ 2 ಲೀಟರ್ ದಾಟ್ತು, ಖುಷಿ ಆಯ್ತು, ಆದ್ರೆ ಪಂಪ್ ಕಿರುಚೋ ರೀತಿ ಕೇಳಿ ವಾಪಸ್ ಕೊಟ್ಟೆ. ಅದರ ಬೆಲೆ ಪಂಪಿಗಿಂತ ಜಾಸ್ತಿ, ನನಗೆ ಬೇಕಾದ್ದಕ್ಕಿಂತ ಪೆಟ್ರೋಲ್ ಆಗ್ಲೇ ಬರ್ತಿದೆ.

ವೈರಿಂಗ್ ಆದ್ಮೇಲೆ ಟ್ಯೂನ್ ಮತ್ತೆ ಮಾಡಿಸಲೇಬೇಕು. ಮುಂಚೆ ಪ್ರೆಶರ್ ಬೀಳ್ತಿದ್ದ ಜಾಗದಲ್ಲಿ ಮ್ಯಾಪ್ (ಇಸಿಯು ಒಳಗಿನ ಪೆಟ್ರೋಲ್ ಲೆಕ್ಕದ ಪಟ್ಟಿ) ಜಾಸ್ತಿ ಪೆಟ್ರೋಲ್ ಕೇಳ್ತಿರುತ್ತೆ, ಈಗ ಪ್ರೆಶರ್ ನಿಂತಿರೋದ್ರಿಂದ 10.6 ತನಕ ರಿಚ್ ಹೋಯ್ತು, ಅದನ್ನ ಎಳೆದು 11.5ಕ್ಕೆ ತಂದ್ವಿ, ಆಗ್ಲೇ 380 ಕಂಡಿದ್ದು. ಪಂಪ್ ಹತ್ರ ಈಗ ಲೋಡಲ್ಲಿ 13.4. ಮುಚ್ಚಳದ ಹಳೇ ಒ-ರಿಂಗ್ ಊದ್ಕೊಂಡು ತನ್ನ ಜಾಗದಲ್ಲಿ ಕೂರದೇ ಹೋದ್ರೆ ಹೊಸದು ಹಾಕಿ, ಬಲವಂತ ಮಾಡಿ ತುರುಕಿದ್ರೆ ಟ್ಯಾಂಕ್ ತುಂಬಿಸಿದ ದಿನ ವಾಸನೆ ಹೊಡೆಯುತ್ತೆ. ಈಗ 255ರ ಶಬ್ದ ಇನ್ನೂ ಕಮ್ಮಿ ಮಾಡೋಕೆ ಪಂಪಿನ ಬುಡಕ್ಕೆ ಬೇರೆ ಬೇರೆ ರಬ್ಬರ್ ಕೊಟ್ಟು ನೋಡ್ತಾ ಇದೀನಿ, ಪೆಟ್ರೋಲ್ ತಡೆಯೋದು ಒಂದು ಸಿಕ್ಕಿದೆ, ಒಂದು ಮಳೆಗಾಲ ಓಡ್ಸಿ ಬಿಚ್ಚಿ ನೋಡಿದ ಮೇಲೆ ಅದರ ವಿಷ್ಯ ಬರೀತೀನಿ.