ಗಾಜಿನಲ್ಲಿ ಒಂದು ಕವಳದೆಲೆ

“ಚಪ್ಪಲಿ ಬಿಡ್ಬೇಡಿ ಟೀಚರ್, ಹಾಕ್ಕೊಂಡೇ ಒಳಗೆ ಬನ್ನಿ.”

ಒಂದು ಕಾಲು ಎತ್ತಿ ಚಪ್ಪಲಿ ಕಳಚುತ್ತಿದ್ದವಳು ಹೊಸ್ತಿಲಲ್ಲಿ ಹಾಗೇ ನಿಂತೆ. ಕೋಡಿಬಾಗದ ಕಡೆಯ ಹಳೆಯ ಹಂಚಿನ ಮನೆ, ಕೆಂಪು ಗಾರೆಯ ನೆಲ, ಗೋಡೆಯಲ್ಲಿ ದೇವರ ಫೋಟೋ. ಅಂಥ ಮನೆಯೊಳಗೆ ಚಪ್ಪಲಿಯಲ್ಲಿ ನಡೆಯಲು ಕಾಲು ಬರಲಿಲ್ಲ. ನನ್ನ ತೆರೆದ ಬೆರಳುಗಳನ್ನು ನೋಡಿ ಕ್ಲಾಸು ನಡೆಸುವವರು, “ಮುಂದಿನ ವಾರ ಶೂ ಹಾಕ್ಕೊಂಡು ಬನ್ನಿ. ಗಾಜಿನ ಚೂರು ಯಾವಾಗ್ಲೂ ಕಾಲನ್ನೇ ಹುಡುಕೋದು” ಎಂದರು. ಗಾಜಿನ ಕ್ಲಾಸಿನ ಮೊದಲ ಪಾಠ ಕೈಗಲ್ಲ, ಕಾಲಿಗೇ ಆಯಿತು.

ನಾನು ಕಾರವಾರಕ್ಕೆ ಬಂದು ಒಂಬತ್ತು ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ತವರು ಶಿರಸಿ ಹತ್ತಿರದ ತೋಟದ ಮನೆ. ಕೈಕೆಲಸ ಎಂದರೆ ಅಡಿಕೆ ಸುಲಿಯುವುದು, ರಂಗೋಲಿ ಹಾಕುವುದು, ಅಷ್ಟೇ. ಬಣ್ಣದ ಗಾಜಿನ ತುಂಡುಗಳನ್ನು ಬೆಸೆದು ಚಿತ್ರ ಮಾಡುವ ಕ್ಲಾಸು, ಆಗಸ್ಟಿನ ನಾಲ್ಕು ಭಾನುವಾರ, ದಿನಕ್ಕೆ ಮೂರು ತಾಸು, ಸಾಮಾನೆಲ್ಲ ಅವರದೇ ಎಂದು ಗೆಳತಿಯೊಬ್ಬಳು ಹೇಳಿದಾಗ, ಮಳೆಗಾಲದ ಭಾನುವಾರಗಳನ್ನು ಕಿಟಕಿ ನೋಡುತ್ತ ಕಳೆಯುವ ಬದಲು ಇದಾದರೂ ಆಗಲಿ ಎಂದು ಸೇರಿದೆ. ಕಲಿಸುವವರು ಗೋವಾದಲ್ಲಿ ಕಲಿತು ಬಂದ ಕೊಂಕಣಿ ಮಾತಿನ ಹೆಂಗಸು. ಅವರು ನನ್ನನ್ನು ಟೀಚರ್ ಅನ್ನುತ್ತಿದ್ದರು, ನಾನು ಅವರನ್ನು ಟೀಚರ್ ಅನ್ನುತ್ತಿದ್ದೆ. ಉಳಿದ ನಾಲ್ವರಿಗೆ ಯಾರು ಯಾರನ್ನು ಕರೆಯುತ್ತಿದ್ದೇವೆಂದು ಕೊನೆಯವರೆಗೂ ಗೊಂದಲ.

ನಾಲ್ವರೆಂದರೆ ಇಬ್ಬರು ಕಾಲೇಜು ಹುಡುಗರು, ಸದಾಶಿವಗಡದಿಂದ ಬರುತ್ತಿದ್ದ ಟೇಲರ್ ಅಕ್ಕ, ಅಂಕೋಲೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಿವೃತ್ತ ಬ್ಯಾಂಕ್ ನೌಕರರು. ಈ ಬ್ಯಾಂಕಿನ ರಾಯರಿಗೆ ಬಾಯಲ್ಲಿ ಕವಳ, ಅಂದರೆ ಎಲೆಅಡಿಕೆ, ಇಲ್ಲದೆ ಅರ್ಧ ತಾಸು ಕಳೆಯುವುದೇ ಕಷ್ಟ. ಇಲ್ಲಿ ಕವಳ ಪೂರ್ತಿ ನಿಷೇಧ. ಬೆಸುಗೆಯ ತಂತಿಯಲ್ಲಿ ಸೀಸ ಇರುತ್ತದೆ. ಅದನ್ನು ಮುಟ್ಟಿದ ಕೈಯಲ್ಲಿ ಸುಣ್ಣ ಹಚ್ಚಿ ಎಲೆ ಮಡಿಸಿದರೆ ಸೀಸ ನೇರ ಹೊಟ್ಟೆಗೆ. ನೀರಿನ ಬಾಟಲಿ ಕೂಡ ಹೊರಗೆ ಜಗಲಿಯಲ್ಲೇ. ರಾಯರು ತಾಸಿಗೊಮ್ಮೆ ಸೋಪು ಹಚ್ಚಿ ಕೈ ತೊಳೆದು, ಜಗಲಿಗೆ ಹೋಗಿ, ಸಂಚಿ ಬಿಚ್ಚಿ, ಮಳೆ ನೋಡುತ್ತ ಕೂತು ಬರುತ್ತಿದ್ದರು. ಆ ಸಂಚಿ ನೋಡಿಯೇ ನನಗೆ ಯಾವ ಚಿತ್ರ ಮಾಡಬೇಕೆಂದು ಹೊಳೆದದ್ದು.

ಮೊದಲ ದಿನ ಬರೀ ಗೆರೆ. ಕಾರವಾರದ ಗಾಜಿನ ಅಂಗಡಿಯಿಂದ ತಂದ 3 ಮಿ.ಮೀ. ದಪ್ಪದ ಸಾದಾ ಕಿಟಕಿ ಗಾಜು, ಅಂಗೈ ಅಗಲದ ತುಂಡುಗಳು. ಗಾಜನ್ನು ಕತ್ತರಿಸುತ್ತಾರೆ ಎಂದು ನಾವು ಹೇಳುತ್ತೇವಷ್ಟೆ, ಅಸಲಿಗೆ ಯಾರೂ ಕತ್ತರಿಸುವುದಿಲ್ಲ. ಕಟರಿನ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಗಾಲಿ ಇದೆ. ಅದು ಗಾಜಿನ ಮೈಮೇಲೆ ಒಂದು ಗೀರು ಹಾಕುತ್ತದೆ. ಆಮೇಲೆ ಕೈಯಿಂದ ಮುರಿದಾಗ ಬಿರುಕು ಆ ಗೀರಿನ ಜಾಡು ಹಿಡಿದು ಓಡುತ್ತದೆ. ಗೀರು ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಎಳೆತದಲ್ಲಿ ಹೋಗಬೇಕು. ನಡುವೆ ನಿಲ್ಲಿಸಬಾರದು, ಅದರ ಮೇಲೇ ಇನ್ನೊಮ್ಮೆ ಎಳೆಯಲೇಬಾರದು. ಎಳೆದರೆ ಗಾಲಿಯೂ ಹಾಳು, ಬಿರುಕು ಕೂಡ ದಾರಿ ತಪ್ಪುತ್ತದೆ.

ನನ್ನ ತಪ್ಪು ಶುರುವಾದದ್ದೇ ಅಲ್ಲಿ. ಮೆಟ್ಟುಗತ್ತಿಯ ಮುಂದೆ ಕೂತು ಬೆಳೆದವಳು ನಾನು, ಗಟ್ಟಿ ಒತ್ತಿದರೆ ಚೆನ್ನಾಗಿ ಆಗುತ್ತದೆ ಎಂದು ಕೈಗೆ ರೂಢಿ. ಒತ್ತಿ ಎಳೆದೆ. ಗೆರೆ ಬೆಳ್ಳಗೆ ದಪ್ಪಗೆ ಮೂಡಿತು, ಅದರ ಪಕ್ಕದಲ್ಲಿ ಗಾಜಿನ ಹೊಟ್ಟು ಎದ್ದಿತು. ಒಳ್ಳೆ ಗೆರೆ ಎಂದು ಖುಷಿಪಟ್ಟು ಮುರಿದರೆ ತುಂಡು ಮೂರಾಯಿತು. “ಕಣ್ಣಲ್ಲಿ ನೋಡ್ಬೇಡಿ ಟೀಚರ್, ಕಿವಿಯಲ್ಲಿ ಕೇಳಿ. ಸಾವಕಾಶ” ಎಂದರು. ಅವರು ಎಳೆದು ತೋರಿಸಿದಾಗ ಹೊಸ ಸೀರೆಯ ಮಡಿಕೆ ಬಿಚ್ಚಿದ ಹಾಗೆ ಒಂದೇ ಸಮನೆ ಸಣ್ಣ ಸದ್ದು. ಗೆರೆ ಕಂಡೂ ಕಾಣದಷ್ಟು ತೆಳು. ನನ್ನದು ಕರಕರ ಎನ್ನುತ್ತಿತ್ತು. ಹದಿನಾಲ್ಕನೆಯ ತುಂಡಿಗೆ ನನಗೂ ಆ ಸದ್ದು ಸಿಕ್ಕಿತು. ಸಿಕ್ಕಿದ ಕೂಡಲೇ ಗಾಜನ್ನು ಎತ್ತಿ, ಗೀರಿನ ಎರಡೂ ಬದಿ ಹೆಬ್ಬೆರಳು ಮೇಲೆ, ಮಡಿಸಿದ ಮುಷ್ಟಿ ಕೆಳಗೆ ಇಟ್ಟು, ರೊಟ್ಟಿ ಮುರಿಯುವಂತೆ ಹೊರಕ್ಕೆ ತಿರುವಿದೆ. ಟಕ್. ನೆಟ್ಟಗೆ ಎರಡು ತುಂಡು. ಆ ಒಂದು ‘ಟಕ್’ಗೆ ಆ ದಿನದ ಫೀಸು ವಸೂಲಾಯಿತು.

ಬಾಗಿದ ಗೆರೆಯಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವರು ಟೇಲರ್ ಅಕ್ಕ. ಕಂಕುಳ ತಿರುವು, ಕೊರಳ ತಿರುವು ಕತ್ತರಿಸಿ ಪಳಗಿದ ಭುಜ ಅವರದು. ನಾವು ಮಣಿಕಟ್ಟಿನಿಂದ ಎಳೆಯುತ್ತಿದ್ದೆವು, ಅವರು ಇಡೀ ಮೈಯನ್ನೇ ಗೆರೆಯ ಜೊತೆ ತಿರುಗಿಸುತ್ತಿದ್ದರು.

ಆ ವಾರ ಮನೆಯಲ್ಲಿ ಅಭ್ಯಾಸ ಮಾಡುತ್ತೇನೆಂದು ಹಳೆಯ ಫ್ರಿಜ್ಜಿನ ಗಾಜಿನ ತಟ್ಟೆಯನ್ನು ಹೊರಗೆಳೆದೆ. ಗೀರು ಹಾಕಿ, ಇಕ್ಕಳ ಹಿಡಿದು ಒತ್ತಿದ್ದೇ ತಡ, ಇಡೀ ತಟ್ಟೆ ಢಬ್ ಎಂದು ಕಲ್ಲುಸಕ್ಕರೆಯಂತೆ ಪುಡಿಪುಡಿಯಾಗಿ ಅಡುಗೆಮನೆ ತುಂಬ ಹರಡಿತು. ಕನ್ನಡಕ ಹಾಕಿದ್ದೆ, ಪುಣ್ಯ. ಫ್ರಿಜ್ಜಿನ ತಟ್ಟೆ, ಕಾರಿನ ಪಕ್ಕದ ಕಿಟಕಿ, ಇವೆಲ್ಲ ಟಫನ್ ಮಾಡಿದ ಗಾಜು. ಕಾಯಿಸಿ ಗಾಳಿ ಊದಿ ಥಟ್ಟನೆ ತಣಿಸಿರುತ್ತಾರೆ, ಹಾಗಾಗಿ ಹೊರಮೈ ಬಿಗಿದುಕೊಂಡು, ಒಳಗೆ ಎಳೆತ ಉಳಿದಿರುತ್ತದೆ. ಹೊರಮೈ ಒಂದು ಕಡೆ ಸೀಳಿದರೂ ಒಳಗಿನ ಎಳೆತ ಪೂರ್ತಿ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಅದನ್ನು ಯಾವ ಕಟರಿನಿಂದಲೂ ಕತ್ತರಿಸಲು ಬರುವುದಿಲ್ಲ. ಟಫನ್ ಗಾಜೆಂದು ತಿಳಿಸುವ ಸಣ್ಣ ಮುದ್ರೆ ತಟ್ಟೆಯ ಮೂಲೆಯಲ್ಲಿ ಇತ್ತಂತೆ. ಪುಡಿಯಲ್ಲಿ ಇನ್ನು ಎಲ್ಲಿ ಹುಡುಕಲಿ? ಎರಡು ದಿನ ಹಾಲಿನ ಪಾತ್ರೆ ಇಡಲು ಜಾಗವಿಲ್ಲದೆ ಗಂಡನ ಮುಖ ನೋಡಬೇಕಾಯಿತು.

ಎರಡನೆಯ ಭಾನುವಾರ ಚಿತ್ರ. ಕವಳದೆಲೆ ಬರೆದುಕೊಂಡು ಹೋಗಿದ್ದೆ, ಒಂದು ಗೇಣು ಉದ್ದ, ಒಂದೇ ತುಂಡಿನಲ್ಲಿ ಆಗುತ್ತದೆ ಎಂಬ ಧೈರ್ಯ. ಟೀಚರ್ ಪೆನ್ಸಿಲ್ಲಿನಿಂದ ಎಲೆಯ ತೊಟ್ಟಿನ ಹತ್ತಿರ ಒಂದು ಸುತ್ತು ಹಾಕಿ, “ಇಲ್ಲಿ ಹೇಗೆ ಮುರಿತೀರಿ?” ಎಂದು ಕೇಳಿದರು. ವೀಳ್ಯದೆಲೆಗೆ ತೊಟ್ಟಿನ ಕಡೆ ಒಳಕ್ಕೆ ಚುಚ್ಚಿಕೊಂಡ ಕೊರಕಲು ಇದೆಯಲ್ಲ, ಅಲ್ಲಿ ಗಾಜು ಮುರಿಯುವುದಿಲ್ಲ. ಬಿರುಕಿಗೆ ಆದಷ್ಟು ನೇರಕ್ಕೆ ಹೋಗುವ ಸ್ವಭಾವ, ಆ ಮೂಲೆಯಲ್ಲಿ ತಿರುಗದೆ ಎಲೆಯ ಹೊಟ್ಟೆಯೊಳಕ್ಕೆ ನುಗ್ಗುತ್ತದೆ. ಪರಿಹಾರ ಎಲೆಯಲ್ಲೇ ಇತ್ತು. ನಡುನರದ ಉದ್ದಕ್ಕೆ ಎರಡು ಹೋಳು ಮಾಡಿದರೆ ಕೊರಕಲೇ ಮಾಯ, ಎರಡೂ ಕಡೆ ಹೊರಕ್ಕೆ ಉಬ್ಬಿದ ಭುಜ ಮಾತ್ರ. ಪಕ್ಕದ ನರಗಳ ಮೇಲೆ ಇನ್ನೆರಡೆರಡು ಗೆರೆ. ಒಟ್ಟು ಆರು ತುಂಡು. ಮೂವತ್ತು ವರ್ಷ ಕಣ್ಣೆದುರು ಇದ್ದ ಎಲೆಯ ನರಗಳನ್ನು ನಾನು ಎಣಿಸಿದ್ದು ಆವತ್ತೇ.

ನರಗಳ ಜಾಗದಲ್ಲಿ ಬೆಸುಗೆಯ ಗೆರೆ ಬರುತ್ತದೆ, ಅದಕ್ಕೂ ಜಾಗ ಬೇಕು. ಅದಕ್ಕೆಂದೇ ಮೂರು ಅಲಗಿನ ಕತ್ತರಿ ಇದೆ, ಗಾಜಿಗೆ ಮಾದರಿಯಾಗುವ ಕಾಗದ ಕತ್ತರಿಸುವಾಗ ಎರಡು ತುಂಡುಗಳ ನಡುವಿನಿಂದ ಒಂದು ಮಿ.ಮೀ.ಗಿಂತ ಕಡಿಮೆ ಅಗಲದ ದಾರದಂಥ ಪಟ್ಟಿಯನ್ನು ತೆಗೆದುಬಿಡುತ್ತದೆ. ಬ್ಯಾಂಕಿನ ರಾಯರು ಸಾದಾ ಕತ್ತರಿಯಲ್ಲೇ ಕತ್ತರಿಸಿದರು. ಅವರ ಮೀನು ಜೋಡಿಸುವಾಗ ಬಾಲ ಮೇಜಿನ ಚೌಕಟ್ಟು ದಾಟಿತು.

ಬಣ್ಣದ ಗಾಜಿನ ಬಗ್ಗೆ ಒಂದು ಮಾತು. ಪಕ್ಕಕ್ಕೆ ಇಡಲು ಒಂದು ಗುಲಾಬಿ ಹೂವಿನ ದಳ ಬೇಕಿತ್ತು ನನಗೆ. ಆ ಗುಲಾಬಿ ಹಾಳೆಯ ಬೆಲೆ ಕೇಳಿ ಹಸಿರಿಗೇ ತೃಪ್ತಳಾದೆ. ಒಳ್ಳೆಯ ಗುಲಾಬಿ ಗಾಜಿಗೆ ಬಣ್ಣ ಬರುವುದು ಚಿನ್ನದ ಸೂಕ್ಷ್ಮ ಕಣಗಳಿಂದ. ಹಸಿರಿಗೆ ಕ್ರೋಮಿಯಂ, ಕಬ್ಬಿಣ ಸಾಕು; ನೀಲಿಗೆ ಕೋಬಾಲ್ಟ್.

ಕತ್ತರಿಸಿದ ತುಂಡುಗಳನ್ನು ಸಾಣೆ ಯಂತ್ರಕ್ಕೆ ಹಿಡಿಯಬೇಕು. ವಜ್ರದ ಪುಡಿ ಕೂರಿಸಿದ ಸಣ್ಣ ಉರುಳೆ, ಅದಕ್ಕೆ ತಾಗಿದ ಒದ್ದೆ ಸ್ಪಂಜು. ನೀರು ಆರಿದರೆ ಗಾಜಿನ ಧೂಳು ಏಳುತ್ತದೆ, ಅದು ಎದೆಗೆ ಕೆಟ್ಟದ್ದು. ಮೇಜು ಗುಡಿಸುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಇನ್ನು ತಾಮ್ರ. ನಾವು ಕಲಿತದ್ದು ಪ್ರತಿ ತುಂಡಿನ ಅಂಚಿಗೂ ತಾಮ್ರದ ತೆಳು ಪಟ್ಟಿ ಸುತ್ತಿ, ಪಟ್ಟಿಗೆ ಪಟ್ಟಿ ಬೆಸೆಯುವ ಕ್ರಮ. ಹಳೆಯ ಚರ್ಚುಗಳ ಕಿಟಕಿಯಲ್ಲಿ ಇರುವುದು ಸೀಸದ ದಪ್ಪ ಸರಳು. ತಾಮ್ರದ ಪಟ್ಟಿಯ ಈ ಕ್ರಮವನ್ನು 19ನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಲೂಯಿ ಕಂಫರ್ಟ್ ಟಿಫನಿಯ ಕಾರ್ಖಾನೆ ದೀಪದ ಶೇಡುಗಳಿಗೆ ಬಳಸಿ ಹೆಸರು ಮಾಡಿತು. ಪಟ್ಟಿಯ ಒಳಬದಿಗೆ ಅಂಟು ಇರುತ್ತದೆ. ಗಾಜಿನ ಅಂಚು ಸರಿಯಾಗಿ ನಡುವಿಗೆ ಬರುವಂತೆ ಸುತ್ತಿ, ಎರಡೂ ಕಡೆ ಮಡಚಿ, ಪೆನ್ನಿನ ಹಿಂಬದಿಯಿಂದ ಉಜ್ಜಿ ಕೂರಿಸಬೇಕು. ಒಂದು ಕಡೆ ಅಗಲ, ಒಂದು ಕಡೆ ಕಿರಿದಾದರೆ ಮುಗಿದ ಮೇಲೆ ಆ ಗೆರೆ ಕುಡಿದವನ ನಡಿಗೆಯಂತೆ ಕಾಣುತ್ತದೆ.

ಟೀಚರ್ ಸ್ಪಷ್ಟವಾಗಿ ಹೇಳಿದ್ದರು: “ಇವತ್ತು ಪಟ್ಟಿ ಸುತ್ತೋದು ಬೇಡ. ಮುಂದಿನ ಭಾನುವಾರ ಬೆಳಿಗ್ಗೆ ಸುತ್ತಿ, ಅವತ್ತೇ ಬೆಸೆಯೋಣ.” ನಾನು ಕೇಳಬೇಕಲ್ಲ. ಸ್ಟುಡಿಯೋದಿಂದಲೇ ಒಂದು ಸುರುಳಿ ಕೊಂಡು, ಸೋಮವಾರ ರಾತ್ರಿ ಕೂತು ಆರೂ ತುಂಡಿಗೆ ಸುತ್ತಿಬಿಟ್ಟೆ. ಎಷ್ಟು ಚಂದ ಹೊಳೆಯುತ್ತಿತ್ತೆಂದರೆ, ಬಂದವರು ಹೋದವರು ನೋಡಲಿ ಎಂದು ಕಡಲ ಕಡೆಯ ಕಿಟಕಿಯ ಹಲಗೆಯ ಮೇಲೆ ಜೋಡಿಸಿಟ್ಟೆ. ಆಗಸ್ಟ್ ತಿಂಗಳು, ಕಾರವಾರ, ಕಡಲ ಕಡೆಯ ಕಿಟಕಿ. ಒಗೆದ ಬಟ್ಟೆ ಮೂರು ದಿನಕ್ಕೂ ಒಣಗದ ಊರು. ಗುರುವಾರದ ಹೊತ್ತಿಗೆ ಹೊಳಪು ಹೋಗಿತ್ತು. ಶನಿವಾರ ನೋಡಿದರೆ ಪಟ್ಟಿ ತಿಂಗಳುಗಟ್ಟಲೆ ತಿಕ್ಕದೆ ಬಿಟ್ಟ ತಾಮ್ರದ ತಂಬಿಗೆಯ ಬಣ್ಣ.

ತಂಬಿಗೆ ನೆನಪಾದ ಮೇಲೆ ಹುಣಸೆಹಣ್ಣು ನೆನಪಾಗದೆ ಇರುತ್ತದೆಯೇ? ಹಚ್ಚಿ ತಿಕ್ಕಿದೆ. ತಾಮ್ರ ಥಳಥಳ ಎಂದಿತು, ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಒಣಗಿದ ಮೇಲೆ ನೋಡಿದರೆ ಅಂಟಿಗೆ ಹುಳಿನೀರು ಇಳಿದು ಎರಡು ತುಂಡಿನ ಪಟ್ಟಿ ಬಾಳೆಸಿಪ್ಪೆಯಂತೆ ಎದ್ದಿತ್ತು. ಉಳಿದ ನಾಲ್ಕು ಮತ್ತೆ ಕಂದಲು ಶುರು.

ಭಾನುವಾರ ಟೀಚರ್ ಏನೂ ಅನ್ನಲಿಲ್ಲ. “ಹಾಗೇ ಬೆಸೆದು ನೋಡಿ” ಎಂದರು. ಬೆಸುಗೆ ಹಿಡಿಯಲೆಂದು ಸವರುವ ಫ್ಲಕ್ಸ್ ಹಚ್ಚಿ, ಕಾದ ಬೆಸುಗೆ ಕಬ್ಬಿಣಕ್ಕೆ ತಂತಿ ತಾಗಿಸಿದೆ. ಅರವತ್ತು ಪಾಲು ತವರ, ನಲವತ್ತು ಪಾಲು ಸೀಸದ ತಂತಿ, 190 ಡಿಗ್ರಿ ಸೆಲ್ಸಿಯಸ್ ಹತ್ತಿರ ಪೂರ್ತಿ ಕರಗುತ್ತದೆ. ಕರಗಿತು ಕೂಡ. ಆದರೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಗುಂಡಗೆ ಉರುಳಿ ಮೇಜಿಗೆ ಬಿತ್ತು. ಇನ್ನೊಂದು ಹನಿ, ಅದೂ ಉರುಳಿತು. ತಾಮ್ರದ ಮೇಲೆ ಕಿಲುಬಿನ ಪದರ ಕೂತರೆ ಬೆಸುಗೆ ಲೋಹವನ್ನು ಮುಟ್ಟುವುದೇ ಇಲ್ಲ. ಆಮೇಲೆ ಅವರು ಕೊಟ್ಟದ್ದು ಹತ್ತಿಯಷ್ಟು ನಯವಾದ ಉಕ್ಕಿನ ನಾರು. ಒಣಗಿದ್ದನ್ನು ಒಣ ನಾರಿನಿಂದಲೇ ಹಗುರಾಗಿ ಉಜ್ಜಿ, ಎದ್ದ ಎರಡಕ್ಕೆ ಹೊಸ ಪಟ್ಟಿ ಸುತ್ತಿ, ಮತ್ತೆ ಫ್ಲಕ್ಸ್. ಈ ಸಲ ಹನಿ ಬಿದ್ದಲ್ಲೇ ಹರಡಿ ಗಟ್ಟಿಯಾಗಿ ಕಚ್ಚಿತು. ಉಳಿದ ಸುರುಳಿಯನ್ನು ಈಗ ಜಿಪ್ ಚೀಲದಲ್ಲಿ, ಔಷಧಿ ಡಬ್ಬಿಯಲ್ಲಿ ಸಿಗುವ ತೇವ ಹೀರುವ ಪೊಟ್ಟಣದ ಜೊತೆ ಇಡುತ್ತೇನೆ. ಕರಾವಳಿಯಲ್ಲಿ ಇದನ್ನು ಕಲಿಯುವವರಿಗೆ ನಾನು ಹೇಳುವುದು ಇದೊಂದೇ: ಪಟ್ಟಿ ಸುತ್ತಿದ ದಿನವೇ ಬೆಸೆಯಿರಿ.

ಬೆಸುಗೆಯ ಗೆರೆ ಉಬ್ಬಿ ದುಂಡಗೆ ಬರಬೇಕು. ಮೊದಲು ಅಲ್ಲಲ್ಲಿ ಚುಕ್ಕೆ ಹಾಕಿ ಹಿಡಿಸಿ, ಆಮೇಲೆ ಕಬ್ಬಿಣವನ್ನು ಎತ್ತದೆ ನಿಧಾನ ಎಳೆಯಬೇಕು. ನಡುನರ ಎಳೆಯುವಾಗ ಅರ್ಧದಲ್ಲಿ ಕರೆಂಟ್ ಹೋಯಿತು. ನಲವತ್ತು ನಿಮಿಷ ಕತ್ತಲಲ್ಲಿ ಕೂತೆವು, ರಾಯರಿಗೆ ಎರಡು ಕವಳ ಆಯಿತು. ಆ ಜಾಗದಲ್ಲಿ ಇವತ್ತಿಗೂ ಒಂದು ಗಂಟು ಇದೆ. ಟೀಚರ್ ಕರಗಿಸಿ ಸರಿ ಮಾಡಿ ಎಂದರು, ನಾನು ಬಿಟ್ಟೆ. ಎಲೆಗೆ ಗಂಟು ಇರುವುದು ಸಹಜವೇ.

ಕೊನೆಯ ಭಾನುವಾರ ತೊಳೆಯುವುದು, ಬಣ್ಣ ಹಿಡಿಸುವುದು, ಕೊಂಡಿ ಹಾಕುವುದು. ಕೊಂಡಿಯನ್ನು ಎಲೆಯ ಹೊರ ಅಂಚಿಗೆ ಹಾಕಬಾರದು, ಭಾರಕ್ಕೆ ಪಟ್ಟಿಯೇ ಕಿತ್ತು ಬರುತ್ತದೆ. ನಡುನರ ಮೇಲೆ ಬಂದು ಸೇರುವಲ್ಲಿ, ಎರಡು ತುಂಡಿನ ಸಂದಿಯೊಳಗೆ ತಂತಿಯ ಕಾಲು ಇಳಿಸಿ ಬೆಸೆಯಬೇಕು. ಆಮೇಲೆ ಟೀಚರ್ ಒಂದು ಬಾಟಲಿ ತೆಗೆದರು. ಒಳಗಿನ ದ್ರವದ ನೀಲಿ ನೋಡಿದ ಕೂಡಲೇ, “ಇದು ಮೈಲುತುತ್ತ ಅಲ್ವಾ?” ಎಂದೆ. ಹೌದು, ಅದೇ. ಮಳೆಗಾಲ ಹಿಡಿಯುವ ಮೊದಲು ಸುಣ್ಣದ ಜೊತೆ ಕಲಸಿ ಅಡಿಕೆಯ ಕೊಳೆರೋಗಕ್ಕೆ ಕೊನೆಗೌಡರು ಮರ ಹತ್ತಿ ಹೊಡೆಯುವ ಔಷಧಿಯ ನೀಲಿ. ಅಪ್ಪನ ಅಂಗಿಗಳೆಲ್ಲ ಆ ಬಣ್ಣದ ಚುಕ್ಕೆಯಲ್ಲೇ ಸವೆದವು. ಕೈಗವಸು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿದರೆ ಬೂದಿ ಬಣ್ಣದ ಗೆರೆ ನೋಡನೋಡುತ್ತ ತಾಮ್ರದ ಬಣ್ಣಕ್ಕೆ ತಿರುಗಿತು. ದ್ರವದೊಳಗಿನ ತಾಮ್ರ ಬೆಸುಗೆಯ ಮೇಲೆ ಬಂದು ಕೂರುತ್ತದೆ. ಕೊನೆಗೆ ಕಾರಿಗೆ ಹಚ್ಚುವ ಮೇಣ.

ಚೌತಿಗೆ ಊರಿಗೆ ಒಯ್ದೆ. ಅಡುಗೆಮನೆಯ ಮಾಡಿನಲ್ಲಿ ಗಾಜಿನ ಹಂಚೊಂದಿದೆ, ಹೊಗೆಯ ನಡುವೆ ಅದರಿಂದ ಬೆಳಕಿನ ಕಂಬ ಇಳಿಯುತ್ತದೆ. ಎಲೆಯನ್ನು ಅದರ ಕೆಳಗೇ ತೂಗಬೇಕೆಂದು ನಾಲ್ಕು ವಾರದಿಂದ ಲೆಕ್ಕ ಹಾಕಿದ್ದೆ. ತೂಗಿದರೆ ಏನೂ ಇಲ್ಲ. ಬೆಳಕು ಮೇಲಿನಿಂದ ಕೆಳಕ್ಕೆ, ಎಲೆಯೂ ಮೇಲಿನಿಂದ ಕೆಳಕ್ಕೆ, ಬೆಳಕು ಅದರ ಅಂಚನ್ನಷ್ಟೇ ಸವರಿ ಹೋಯಿತು. ಗಣಿತದ ಟೀಚರಿಗೆ ಇದು ಮೊದಲೇ ಹೊಳೆಯಬೇಕಿತ್ತು. ಅಣ್ಣ ನಗುತ್ತ ಅದನ್ನು ತೆಗೆದು ಬಚ್ಚಲ ಕಡೆಯ ಮೂಡಣ ಕಿಟಕಿಗೆ ಕಟ್ಟಿದ. ಬೆಳಿಗ್ಗೆ ಹಂಡೆಯ ಮೇಲೆ ಹಸಿರು ಬಿತ್ತು. ಅಮ್ಮ ಬಂದು ನೋಡಿ, “ಎಂತ ಎಲೆಯೇ ಇದು? ಮೆಣಸಿನ ಬಳ್ಳಿದಾ?” ಎಂದು ಕೇಳಿದಳು.

ಮೊನ್ನೆ ಅಣ್ಣ ಫೋನ್ ಮಾಡಿ, ಕೊಂಡಿಯ ಹತ್ತಿರ ಬೆಳ್ಳಗೆ ಬೂಸ್ಟು ಹಿಡಿದ ಹಾಗೆ ಕಾಣುತ್ತಿದೆ ಎಂದ. ಬೂಸ್ಟಲ್ಲ, ನಾನು ಸರಿಯಾಗಿ ತೊಳೆಯದೆ ಬಿಟ್ಟ ಫ್ಲಕ್ಸ್. ಅದು ಗಾಳಿಯ ತೇವ ಎಳೆದುಕೊಂಡು ಹಾಗಾಗುತ್ತದೆ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಒರೆಸಿ, ಬಿಸಿಲಿಗೆ ಇಡಲು ಹೇಳಿದ್ದೇನೆ. ಬಿಸಿಲು ಎಲ್ಲಿದೆ ಎಂದು ಕೇಳಿದ.