ಪುಟ್ಟ ಪ್ಲಗ್ಗಿಗೊಂದು ಹಿಡಿ

ಮಾದರಿ ವಿಮಾನ, ದೋಣಿ, ರೈಲುಗಳನ್ನು ಕಟ್ಟುವ ಹವ್ಯಾಸವುಳ್ಳ ಮನೆಗಳಲ್ಲಿ ವೈರುಗಳು ಕಿತ್ತುಹೋಗುವುದು ಹೆಚ್ಚಾಗಿ ಪ್ಲಗ್ ಬಿಡಿಸುವ ಗಳಿಗೆಯಲ್ಲೇ. ಲಿಥಿಯಂ ಪಾಲಿಮರ್ ಬ್ಯಾಟರಿಯ ಬ್ಯಾಲೆನ್ಸ್ ಪ್ಲಗ್ಗಿನಲ್ಲಿ, ಅಂದರೆ ಒಳಗಿನ ಸೆಲ್ಲುಗಳನ್ನು ಸಮನಾಗಿ ಚಾರ್ಜ್ ಮಾಡಲು ಚಾರ್ಜರಿಗೆ ಸಿಕ್ಕಿಸುವ ಸಣ್ಣ ಪ್ಲಗ್ಗಿನಲ್ಲಿ, ಪಿನ್ನಿನಿಂದ ಪಿನ್ನಿಗೆ ಸಾಮಾನ್ಯವಾಗಿ 2.5 ಮಿಲಿಮೀಟರ್ ಅಂತರವಿರುತ್ತದೆ. ಅದು ಸಾಕೆಟ್ಟಿನೊಳಗೆ ಕೂತ ಮೇಲೆ ಬೆರಳಿಗೆ ಸಿಗುವುದು ತೆಳ್ಳನೆಯ ಅಂಚು ಮಾತ್ರ. ಅದರಲ್ಲೂ ನಮ್ಮ ತೀರ್ಥಹಳ್ಳಿಯ ಕಡೆ ಜೂನ್ ತಿಂಗಳಿಂದ ಬೆರಳು ಒಣಗಿರುವ ಹೊತ್ತೇ ಕಡಿಮೆ. ಉಗುರು ಜಾರುತ್ತದೆ, ಕೈ ತಾನಾಗಿ ವೈರಿಗೆ ಹೋಗುತ್ತದೆ. ಕಳೆದ ಮಳೆಗಾಲದಲ್ಲಿ ನನ್ನ ಮೊಮ್ಮಗ ಹಾಗೆಯೇ ಎಳೆದಾಗ ಎರಡು ವೈರುಗಳು ಲೋಹದ ತುದಿಯ ಸಮೇತ ಹೊರಬಂದು ಒಂದಕ್ಕೊಂದು ತಾಗಿ ಕಿಡಿ ಹಾರಿತು. ಮೂರು ಸೆಲ್ಲಿನ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟ್, ಅದು ಮೈಗೆ ಶಾಕ್ ಹೊಡೆಯುವಷ್ಟಲ್ಲವಾದರೂ, ಆ ತುದಿಗಳು ಕೂಡಿದರೆ ಹರಿಯುವ ಕರೆಂಟಿಗೆ ವೈರು ಸುಟ್ಟು, ಬ್ಯಾಟರಿಗೇ ಬೆಂಕಿ ಹತ್ತಬಹುದು.

ಆದ್ದರಿಂದ ಇಂಥ ಪ್ಲಗ್ಗಿಗೆ ಎಳೆಯಲು ಒಂದು ಹಿಡಿ ಕಟ್ಟಿಕೊಳ್ಳುವುದು ಒಳ್ಳೆಯದು. ಹಿಡಿ ಯಾವುದೇ ಇರಲಿ, ಎಳೆತ ಪ್ಲಗ್ಗಿನ ಪ್ಲಾಸ್ಟಿಕ್ ಮೈಗೆ ಬೀಳಬೇಕು. ದೂರವಾಣಿ ವಿನಿಮಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ನಾವು ವೈರಿನ ಕಂತೆಗಳನ್ನು ಮೇಣ ಹಚ್ಚಿದ ದಾರದಿಂದ ಬಿಗಿಯುತ್ತಿದ್ದೆವು. ಬ್ಯಾಲೆನ್ಸ್ ಪ್ಲಗ್ಗಿಗೆ ಈಗ ನಾನು ನೆಚ್ಚಿಕೊಂಡಿರುವುದು ಅದೇ ದಾರವನ್ನು. ಗೇಣುದ್ದದ ಗಟ್ಟಿ ನೈಲಾನ್ ದಾರಕ್ಕೆ ಜೇನುಮೇಣ ಉಜ್ಜಿ, ಎರಡಾಗಿ ಮಡಿಸಿ, ಎರಡೂ ತುದಿಗೆ ಗಂಟು ಹಾಕಿ, ಆ ಗಂಟುಗಳನ್ನು ಪ್ಲಗ್ಗಿನ ಹಿಂಬದಿಯ ಎರಡು ಮೂಲೆಗಳಲ್ಲಿ ಕೂರಿಸಿ, ಮೇಲೆ ಅಂಟಿನ ಕಡ್ಡಿ ಕರಗಿಸಿ ಬಿಡುವ ಗ್ಲೂ ಗನ್ನಿನಿಂದ ಒಂದೊಂದು ತೊಟ್ಟು ಅಂಟು ಬಿಡಬೇಕು. ಅಂಟು ವೈರಿನ ಬುಡವನ್ನೂ ಪ್ಲಾಸ್ಟಿಕ್ಕನ್ನೂ ಒಟ್ಟಿಗೆ ಹಿಡಿಯಬೇಕು, ಆದರೆ ಸಾಕೆಟ್ಟಿನೊಳಗೆ ಹೋಗುವ ಬದಿಗಳಿಗೆ ಇಳಿಯಬಾರದು. ಐದು ನಿಮಿಷ ಆರಿದ ಮೇಲೆ ಕಿರುಬೆರಳು ತೂರುವಷ್ಟು ಕುಣಿಕೆ ಸಿಗುತ್ತದೆ. ಎಂದಾದರೂ ಅಂಟು ತೆಗೆಯಬೇಕಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದರೆ ಅದು ಸಿಪ್ಪೆಯಂತೆ ಏಳುತ್ತದೆ. ನೀರಿನಂತೆ ತೆಳುವಾದ ಸೂಪರ್ ಗ್ಲೂ ಮಾತ್ರ ಇಲ್ಲಿ ಖಂಡಿತ ಬೇಡ, ಏಕೆಂದರೆ ಅದು ಸಂದಿಯಲ್ಲಿ ಒಳಗೆ ಹರಿದು ಲೋಹದ ತುದಿಗಳನ್ನೇ ಮುಚ್ಚಿಬಿಡುತ್ತದೆ.

ಮಾದರಿಯ ರೆಕ್ಕೆ, ಚುಕ್ಕಾಣಿಗಳನ್ನು ತಿರುಗಿಸುವ ಪುಟ್ಟ ಸರ್ವೋ ಮೋಟಾರಿನ ಮೂರು ವೈರಿನ ಕಪ್ಪು ಪ್ಲಗ್ಗಿಗೆ ಇಷ್ಟು ಶ್ರಮ ಬೇಕಿಲ್ಲ. ಸಾಕೆಟ್ಟಿನಿಂದ ಹೊರಗುಳಿಯುವ ಭಾಗವನ್ನು ಸಣ್ಣ ಮರಳು ಕಾಗದದಿಂದ ಅಡ್ಡಡ್ಡ ಉಜ್ಜಿ ಒರಟು ಮಾಡಿ, ಸಿಗ್ನಲ್ ವೈರಿರುವ (ಮೋಟಾರಿಗೆ ಆದೇಶ ಒಯ್ಯುವ ವೈರು) ಬದಿಗೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟರೆ ಹಿಡಿತವೂ ಆಯಿತು, ಗುರುತೂ ಆಯಿತು. ವೈರಿನ ನಡುವೆ ಜೋಡಿಸುವ ಪ್ಲಗ್ಗುಗಳಾದರೆ ಪ್ರತಿಯೊಂದರ ಹಿಂಭಾಗಕ್ಕೂ ಬುಡದ ವೈರಿಗೂ ಸೇರಿಸಿ ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ, ಅಂದರೆ ಹೀಟ್ ಶ್ರಿಂಕ್ ಸ್ಲೀವ್ ತೊಡಿಸಬಹುದು. ಸಾಮಾನ್ಯ ಸ್ಲೀವ್ ಬಿಸಿಗೆ ಅರ್ಧದಷ್ಟು ಕುಗ್ಗುವುದರಿಂದ ಪ್ಲಗ್ಗಿಗಿಂತ ಸ್ವಲ್ಪವೇ ಅಗಲದ್ದನ್ನು ಆರಿಸಬೇಕು. ಬ್ಯಾಟರಿಯ ಬಳಿ ಈ ಬಿಸಿಯ ಕೆಲಸ ಸಲ್ಲದು. ಬ್ಯಾಟರಿಯಿಂದ ಮಾದರಿಗೆ ಕರೆಂಟು ಕೊಡುವ ಮುಖ್ಯ ಪ್ಲಗ್ ಸಾಕಷ್ಟು ದೊಡ್ಡದಾದ್ದರಿಂದ ಅದಕ್ಕೆ 2.5 ಮಿಲಿಮೀಟರ್ ಅಗಲದ ಕೇಬಲ್ ಟೈ ಬಿಗಿದು, ಬಾಲವನ್ನು ಒಂದಂಗುಲ ಉಳಿಸಿ ಕತ್ತರಿಸಿದರೆ ಸಾಕು. ಕತ್ತರಿಸಿದ ಮೂಲೆ ಬೆರಳನ್ನು ಕೊರೆಯದಂತೆ ತುದಿಯನ್ನು ದುಂಡಗೆ ಉಜ್ಜಬೇಕು.

ಪಿವಿಸಿ ಇನ್ಸುಲೇಷನ್ ಟೇಪು ಸುತ್ತುವುದನ್ನು ಅನೇಕರು ಮೊದಲು ಮಾಡುತ್ತಾರೆ, ನಾನೂ ಮಾಡಿದ್ದೆ. ಮಲೆನಾಡಿನ ಥಂಡಿಗೆ ಅದರ ಅಂಟು ಸಡಿಲಗೊಂಡು, ಹಿಡಿದಾಗ ಟೇಪಷ್ಟೇ ಕೈಗೆ ಬರುತ್ತದೆ. ಹಿಡಿ ಕಟ್ಟಿದ ಮೇಲೂ ಪ್ಲಗ್ ಬಿಗಿಯೆನಿಸಿದರೆ ಬಲವಂತ ಮಾಡದೆ ಒಳಗೆ ಕಿಲುಬು ಹಿಡಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಹಸಿರು ಕಂಡರೆ ಅಲ್ಲಿಗೆ ಆ ಪ್ಲಗ್ಗನ್ನೇ ಬದಲಾಯಿಸಿ, ಹಳೆಯ ಕುಣಿಕೆಯನ್ನು ಬಿಡಿಸಿ ಹೊಸದಕ್ಕೆ ಅಂಟಿಸಿಕೊಳ್ಳಬಹುದು.