ಸಹಿ ಹಾಕಿಸಿಕೊಂಡರೆ ಸಾಲದು: ಪ್ರಥಮ ಚಿಕಿತ್ಸೆ ಕಲಿಸುವವರ ಕಾನೂನು ತಯಾರಿ

ಯಾವ ಸಂಸ್ಥೆಯ ನೌಕರಿಯೂ ಇಲ್ಲದೆ, ಸ್ವಂತವಾಗಿ ಶಾಲೆ, ಕಾರ್ಖಾನೆ, ಅಪಾರ್ಟ್‌ಮೆಂಟ್, ಚಾರಣದ ಗುಂಪು ಅಂತ ತಿರುಗಿ ಪ್ರಥಮ ಚಿಕಿತ್ಸೆ ಕಲಿಸುವವರು ನನ್ನ ಪರಿಚಯದಲ್ಲೇ ಎಷ್ಟೋ ಜನ ಇದ್ದಾರೆ. ನಾನೂ ಅದೇ ಕೆಲಸದವಳು. ಕಲಿಸುವುದನ್ನು ಚೆನ್ನಾಗಿಯೇ ಕಲಿಸುತ್ತಾರೆ. ತರಗತಿಯಲ್ಲಿ ಯಾರಿಗಾದರೂ ಏನಾದರೂ ಆದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಮಾತ್ರ ಎರಡೇ ಉತ್ತರ ಬರುತ್ತದೆ. ಒಂದು, "ಗುಡ್ ಸಮಾರಿಟನ್ ಕಾನೂನು ಇದೆಯಲ್ಲ." ಇನ್ನೊಂದು, "ಏನೇ ಆದರೂ ಕೇಸ್ ಹಾಕಲ್ಲ ಅನ್ನೋ ಹಾಳೆಗೆ ಎಲ್ಲರ ಹತ್ತಿರ ಸಹಿ ಹಾಕಿಸಿಕೊಂಡಿದ್ದೀನಿ." ಎರಡನ್ನೂ ನಂಬಿ ಕೂರಬೇಡಿ.

ಮೊದಲು ಆ ಗುಡ್ ಸಮಾರಿಟನ್ ಕಾನೂನಿನ ವಿಷಯ, ಅಂದರೆ ಗಾಯಗೊಂಡವರಿಗೆ ನೆರವಾದ ದಾರಿಹೋಕರನ್ನು ಕಾಯುವ ಕಾನೂನು. ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಈ ಬಗ್ಗೆ ಆದೇಶ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆಯನ್ನೂ ಮಾಡಿಕೊಂಡಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಆ ಕಲಂ ಕಾಯುವುದು ವಾಹನ ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ, ತಾನಾಗಿ, ಏನನ್ನೂ ನಿರೀಕ್ಷಿಸದೆ ಸಹಾಯ ಮಾಡಿದವರನ್ನು. ನಿಮ್ಮ ವಿದ್ಯಾರ್ಥಿ ನಾಳೆ ಹೆದ್ದಾರಿಯಲ್ಲಿ ಬೈಕ್ ಸವಾರನ ರಕ್ತ ನಿಲ್ಲಿಸಿದರೆ ಅವನಿಗೆ ಈ ರಕ್ಷಣೆ ಇದೆ. ಅದನ್ನು ತರಗತಿಯಲ್ಲಿ ತಪ್ಪದೆ ಹೇಳಿ, ಪೊಲೀಸ್ ಭಯಕ್ಕೆ ಸುಮ್ನೆ ನಿಂತು ನೋಡುವವರು ಇನ್ನೂ ಇದ್ದಾರೆ. ಆದರೆ ನೀವು ಫೀ ತೆಗೆದುಕೊಂಡು ಕಲಿಸುವಾಗ ನೀವು ಸೇವೆ ಮಾರುವವರು. ಅಲ್ಲಿ ನಿಮಗೆ ಅನ್ವಯಿಸುವುದು 2019ರ ಗ್ರಾಹಕರ ರಕ್ಷಣಾ ಕಾಯ್ದೆ. ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಬರುತ್ತದೆ, ಶಿಕ್ಷೆ 5 ವರ್ಷದವರೆಗೆ ಇರಬಹುದು.

ಸಹಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ಏನು ಕಲಿಸುತ್ತೀರಿ, ಏನು ಕಲಿಸುವುದಿಲ್ಲ ಎಂದು ಬರೆದಿಡಿ. ಸಾಮಾನ್ಯ ಜನರ ತರಗತಿಯಲ್ಲಿ ಇಂಜೆಕ್ಷನ್, ಹೊಲಿಗೆ, ಎದೆಗೆ ಸೂಜಿ ಚುಚ್ಚುವುದು ಯಾವುದೂ ಬೇಡ. ವಿಡಿಯೊ ನೋಡಿ ಇದನ್ನೆಲ್ಲ ತೋರಿಸಿಕೊಡುವವರನ್ನು ಕಂಡಿದ್ದೇನೆ, ಭಯವಾಗುತ್ತದೆ. ಟೂರ್ನಿಕೆಟ್, ಅಂದರೆ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಸುವ ಪಟ್ಟಿ, ಕಲಿಸುವವರು ಅದೇ ದಿನ, ಅದೇ ಪುಟದಲ್ಲಿ, ಹಾವು ಕಚ್ಚಿದಾಗ ಇದನ್ನು ಕಟ್ಟಬಾರದು ಎಂದೂ ಕಲಿಸಬೇಕು. ಹಳ್ಳಿ ಕಡೆ ಹಗ್ಗ ಬಿಗಿದು ಕಟ್ಟುವ ಅಭ್ಯಾಸ ಮೊದಲೇ ಇದೆ, ನೀವು ಕಲಿಸಿದ ಬಿಗಿ ಪಟ್ಟಿ ಅದಕ್ಕೆ ಇನ್ನಷ್ಟು ಬಲ ಕೊಟ್ಟುಬಿಡುತ್ತದೆ. ಪಾಠದ ಪ್ರತಿಗೆ ತಿಂಗಳು, ವರ್ಷ ಹಾಕಿ. ಬದಲಾಯಿಸಿದಾಗ ಹಳೆಯದನ್ನು ಎಸೆಯಬೇಡಿ, ಆ ದಿನ ಏನು ಕಲಿಸಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ.

ಸರ್ಟಿಫಿಕೇಟಿನ ಮಾತು ಇಲ್ಲೇ ಮುಗಿಸುತ್ತೇನೆ. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಂ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ನೋಡಿಕೊಳ್ಳುವವರಿಗೆ ರಾಜ್ಯ ಸರ್ಕಾರ ಮಾನ್ಯ ಮಾಡಿದ ಸರ್ಟಿಫಿಕೇಟ್ ಇರಬೇಕು ಎಂದಿತ್ತು. ಕಾರ್ಖಾನೆಯವರು ಇವತ್ತಿಗೂ ಅದನ್ನೇ ಕೇಳುತ್ತಾರೆ. ನೀವು ಕೊಡುವುದು ತರಗತಿಗೆ ಬಂದಿದ್ದರು ಎಂಬ ಪತ್ರ ಮಾತ್ರವಾದರೆ ಅದರಲ್ಲಿ ಹಾಗೆಯೇ ಅಚ್ಚು ಹಾಕಿಸಿ, ಎಚ್‌ಆರ್‌ಗೆ ಮೊದಲೇ ಹೇಳಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಸೇಂಟ್ ಜಾನ್ ಆಂಬುಲೆನ್ಸ್‌ನಂಥ ತರಬೇತಿ ಸಂಸ್ಥೆಗಳ ಲಾಂಛನವನ್ನು ಒಪ್ಪಿಗೆ ಇಲ್ಲದೆ ಹಾಕಿಕೊಳ್ಳಲೇಬೇಡಿ.

ಇನ್ನು ಕರಾರು. ಒಂದು ಪುಟ ಸಾಕು: ಎಷ್ಟು ಜನ, ಎಷ್ಟು ಹೊತ್ತು, ಜಾಗದ ಜವಾಬ್ದಾರಿ ಯಾರದು, ಹತ್ತಿರದ ಆಸ್ಪತ್ರೆ ಯಾವುದು. ದೊಡ್ಡ ಕಂಪನಿಗಳು ತಮ್ಮದೇ ಅಚ್ಚಿನ ಕರಾರು ಕೊಡುತ್ತವೆ. ಅದರಲ್ಲಿ "ಎಲ್ಲ ನಷ್ಟವನ್ನೂ ತರಬೇತುದಾರರು ಭರಿಸತಕ್ಕದ್ದು" ಎಂಬ ಸಾಲನ್ನು ಹುಡುಕಿ. ಹೊಣೆಗೆ ನಿಮ್ಮ ವಿಮೆಯ ಮೊತ್ತವೇ ಮಿತಿ ಎಂದು ಬರೆಸಿ. ಒಪ್ಪದಿದ್ದರೆ ಆ ಕೆಲಸ ಬಿಡಿ, ನಾನು ಬಿಟ್ಟಿದ್ದೇನೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ, ಆ ಸಹಿಯ ಹಾಳೆ.

ಕೆಲವು ವರ್ಷದ ಹಿಂದೆ ಒಂದು ಕಾರ್ಖಾನೆಯಲ್ಲಿ ಐವತ್ತರ ಆಸುಪಾಸಿನ ಒಬ್ಬರು ಸಿಪಿಆರ್ ಕಲಿಯಲು, ಅಂದರೆ ಹೃದಯ ನಿಂತವರ ಎದೆ ಒತ್ತುವ ಅಭ್ಯಾಸಕ್ಕೆ, ಗೊಂಬೆಯ ಎದೆ ಒತ್ತುತ್ತಿದ್ದರು. ಎರಡನೇ ನಿಮಿಷಕ್ಕೆ ಮುಖ ಬಿಳಚಿಕೊಂಡಿತು, ಹಣೆ ತುಂಬ ಬೆವರು. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಹುಷಾರಾದರು. ಮೂರು ತಿಂಗಳ ಹಿಂದಷ್ಟೇ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು. ನನ್ನ ಹಾಳೆಯಲ್ಲಿ ಹೃದಯದ ಪ್ರಶ್ನೆ ಇತ್ತು. ಆದರೆ ಹಾಳೆ ಇಂಗ್ಲಿಷಿನಲ್ಲಿತ್ತು. ಅವರು ಪಕ್ಕದವರನ್ನು ನೋಡಿಕೊಂಡು ಮೇಲಿಂದ ಕೆಳಗಿನ ತನಕ "ಇಲ್ಲ" ಎಂಬಲ್ಲಿ ಟಿಕ್ ಹಾಕಿ ಸಹಿ ಮಾಡಿದ್ದರು. ಆ ಹಾಳೆ ಅವರನ್ನು ಕಾಯಲಿಲ್ಲ. ಕೇಸ್ ಆಗಿದ್ದರೆ ನನ್ನನ್ನೂ ಕಾಯುತ್ತಿರಲಿಲ್ಲ.

ಅದು ನಾನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡಿದ್ದ ಅಮೆರಿಕದ ನಮೂನೆ. "ಏನೇ ಆದರೂ ತರಬೇತುದಾರರ ಮೇಲೆ ಕೇಸ್ ಹಾಕುವುದಿಲ್ಲ" ಎಂದು ಅದರಲ್ಲಿತ್ತು. ಇಂಥ ಸಾಲು ಬರೆಸಿಕೊಂಡ ಮಾತ್ರಕ್ಕೆ ನಮ್ಮ ಗ್ರಾಹಕರ ಆಯೋಗದಲ್ಲಿ ನಿಮ್ಮ ನಿರ್ಲಕ್ಷ್ಯ ಮಾಫಿಯಾಗುವುದಿಲ್ಲ. ಮಕ್ಕಳ ವಿಷಯದಲ್ಲಂತೂ 18 ತುಂಬದವರು ಮಾಡಿಕೊಂಡ ಕರಾರೇ ಊರ್ಜಿತವಲ್ಲ. ಹಾಗಾದರೆ ಹಾಳೆ ಯಾಕೆ? ನೀವು ಅಪಾಯವನ್ನು ಹೇಳಿದಿರಿ, ಆರೋಗ್ಯ ಕೇಳಿದಿರಿ, ಕೇಳಿದ್ದಕ್ಕೆ ತಕ್ಕಂತೆ ನಡೆದುಕೊಂಡಿರಿ ಎಂದು ತೋರಿಸುವುದಕ್ಕೆ. ಅದಕ್ಕೇ ಹಾಳೆ ಅವರಿಗೆ ಅರ್ಥವಾಗುವಂತಿರಬೇಕು.

ನಾನು ಈಗ ಮಾಡುವುದು ಹೀಗೆ. ಹಾಳೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಒಂದೇ ಪುಟ. ಬೇರೆ ಭಾಷೆಯವರಿದ್ದರೆ ಅವರ ಭಾಷೆಯಲ್ಲಿ ಇನ್ನೊಂದು. ಮೊದಲ ಅರ್ಧದಲ್ಲಿ ಆ ದಿನ ಮಾಡುವ ಕೆಲಸ: ನೆಲದ ಮೇಲೆ ಮಂಡಿಯೂರಿ ಎರಡು ನಿಮಿಷ ಜೋರಾಗಿ ಒತ್ತಬೇಕು, ಜನರನ್ನು ಎತ್ತಬೇಕು, ಕೈಗೆ ಪಟ್ಟಿ ಬಿಗಿಸಿದಾಗ ನೋವಾಗುತ್ತದೆ, ಗಾಯದ ಚಿತ್ರ ನೋಡಿ ಕೆಲವರಿಗೆ ತಲೆ ಸುತ್ತುತ್ತದೆ. ಇನ್ನರ್ಧದಲ್ಲಿ ಪ್ರಶ್ನೆಗಳು. "ಹೃದ್ರೋಗ ಇದೆಯೇ" ಎಂದು ಕೇಳಬೇಡಿ, ಸ್ಟೆಂಟ್ ಹಾಕಿಸಿಕೊಂಡವರು "ಈಗ ಸರಿಹೋಗಿದೆ" ಅಂತ ಇಲ್ಲ ಎನ್ನುತ್ತಾರೆ. "ಎದೆ ನೋವಿಗೆ ಯಾವಾಗಲಾದರೂ ಆಸ್ಪತ್ರೆಗೆ ಹೋಗಿದ್ದೀರಾ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತೀರಾ, ಹೋದ ಆರು ತಿಂಗಳಲ್ಲಿ ಆಪರೇಷನ್ ಆಗಿದೆಯಾ, ಸೊಂಟ, ಮಂಡಿ ನೋವಿದೆಯಾ, ಬಸುರಿಯಾ, ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ (ರಕ್ತನಾಳದ ಜೋಡಣೆ) ಮಾಡಿಸಿದ್ದೀರಾ, ರಬ್ಬರ್ ಗ್ಲೌಸ್ ಹಾಕಿದರೆ ತುರಿಸುತ್ತದಾ." ಹೀಗೆ ಮನೆಮಾತಿನಲ್ಲಿ ಕೇಳಿದರೆ ನಿಜ ಹೊರಬರುತ್ತದೆ. ಹೌದು, ಇಲ್ಲ ಎಂಬ ಟಿಕ್ ತೆಗೆದುಹಾಕಿ, ಕೈಯಲ್ಲಿ ಬರೆಯಲು ಜಾಗ ಬಿಡಿ.

ನಂತರ ಹಾಳೆಯನ್ನು ಜೋರಾಗಿ ಓದುತ್ತೇನೆ. ಓದಲು ಬಾರದವರು "ಬರಲ್ಲ" ಅಂತ ಎಲ್ಲರೆದುರು ಹೇಳುವುದಿಲ್ಲ ಅಲ್ವಾ? ಮುಚ್ಚಿದ ಪೆಟ್ಟಿಗೆಯಲ್ಲಿ ಹಾಳೆ ಹಾಕಿಸುತ್ತೇನೆ, ಮ್ಯಾನೇಜರ್ ಕೈಗೆ ಕೊಡಲು ಬಿಡುವುದಿಲ್ಲ. ಕಾಯಿಲೆ ಗೊತ್ತಾದರೆ ಕೆಲಸಕ್ಕೆ ತೊಂದರೆ ಎಂಬ ಭಯ ಬಹಳ ಜನಕ್ಕಿದೆ. ಹದಿನೈದು ನಿಮಿಷ ಟೀ ಬಿಡುವು ಕೊಟ್ಟು ಎಲ್ಲವನ್ನೂ ಓದುತ್ತೇನೆ. ಓದದ ಹಾಳೆ ಇಟ್ಟುಕೊಳ್ಳುವುದು ಹಾಳೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು, ಗೊತ್ತಿದ್ದೂ ಮಾಡಿಸಿದಿರಿ ಎಂದಾಗುತ್ತದೆ. ತೊಂದರೆ ಬರೆದವರನ್ನು ಪಕ್ಕಕ್ಕೆ ಕರೆದು, ಗೊಂಬೆಯನ್ನು ಮೇಜಿನ ಮೇಲಿಟ್ಟು ನಿಂತು ಮಾಡುತ್ತೀರಾ, ಸುಮ್ನೆ ಸಮಯ ಎಣಿಸುತ್ತೀರಾ ಎಂದು ಕೇಳಿ, ಒಪ್ಪಿದ್ದನ್ನು ಅದೇ ಹಾಳೆಯ ಕೆಳಗೆ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಆ ಕೆಳಗಿನ ಎರಡು ಸಾಲಿಗೆ ಮೇಲಿನ ಇಡೀ ಪುಟಕ್ಕಿಂತ ಜಾಸ್ತಿ ಬೆಲೆ. ಶಾಲೆಯಾದರೆ ಇದೇ ಹಾಳೆ ಮನೆಗೆ ಹೋಗಿ ತಂದೆ ತಾಯಿಯ ಕೈಯಿಂದ ತುಂಬಿ ಬರಬೇಕು. ಪ್ರಿನ್ಸಿಪಾಲರ ಒಂದು ಸಹಿ ಎಲ್ಲ ಮಕ್ಕಳಿಗೂ ಆಗುತ್ತದೆ ಎಂದರೆ ಒಪ್ಪಬೇಡಿ.

ಅಭ್ಯಾಸದಲ್ಲಿ ಎರಡು ಮಾತು. ಜೀವಂತ ಮನುಷ್ಯರ ಎದೆ ಒತ್ತಿಸಬೇಡಿ, ಹೊಟ್ಟೆ ಹಿಂಡಿಸಬೇಡಿ, ಒಮ್ಮೆಯೂ ಬೇಡ. ಟೂರ್ನಿಕೆಟ್ ಬಿಗಿಸುವುದು ತಾವಾಗಿ ಮುಂದೆ ಬಂದವರಿಗೆ ಮಾತ್ರ, ಅದೂ ಕೆಲವೇ ಸೆಕೆಂಡು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ನಕಲಿ ಟೂರ್ನಿಕೆಟ್‌ಗಳನ್ನು ತರಬೇಡಿ, ತಿರುಗಿಸುವ ಕಡ್ಡಿ ನನ್ನ ಕೈಯಲ್ಲೇ ಮುರಿದಿದೆ. ವಿದ್ಯಾರ್ಥಿಗಳಿಗೆ ಸಾಮಾನು ಮಾರಲೂ ಬೇಡಿ, ಅದು ಮುರಿದರೆ ಮಾರಾಟಗಾರರ ಹೊಣೆಯೂ ನಿಮ್ಮ ತಲೆಗೆ ಬರುತ್ತದೆ.

ವಿಮೆ ಎರಡು ಬೇಕು. ನೀವು ತಪ್ಪು ಕಲಿಸಿದ್ದರಿಂದ ಬರುವ ಹೊಣೆಗೆ ಪ್ರೊಫೆಷನಲ್ ಇಂಡೆಮ್ನಿಟಿ, ತರಗತಿಯಲ್ಲಿ ಯಾರೋ ವೈರ್ ಎಡವಿ ಬಿದ್ದರೆ ಪಬ್ಲಿಕ್ ಲಯಬಿಲಿಟಿ. ಏಜೆಂಟ್ ಒಂದೇ ಸಾಕು ಎಂದರೆ ಪಾಲಿಸಿಯಲ್ಲಿ ತೋರಿಸಲು ಹೇಳಿ. ಪ್ರೊಫೆಷನಲ್ ಇಂಡೆಮ್ನಿಟಿ ಸಾಮಾನ್ಯವಾಗಿ ಕ್ಲೇಮ್ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಮಾತ್ರ ಹಣ ಕೊಡುತ್ತದೆ. ಒಂದು ವರ್ಷ ಕಟ್ಟದೆ ಬಿಟ್ಟರೆ ಹಿಂದಿನ ತರಗತಿಗಳ ರಕ್ಷಣೆಯೂ ಹೋಗಬಹುದು. ಕಲಿಸುವುದು ನಿಲ್ಲಿಸಿದ ಮೇಲೂ ಕೆಲವು ವರ್ಷ ಕಟ್ಟಿ. ಅರ್ಜಿಯಲ್ಲಿ ಟೂರ್ನಿಕೆಟ್, ಸಿಪಿಆರ್ ಅಂತ ಕೆಲಸವನ್ನು ಬಿಡಿಸಿ ಬರೆಯಿರಿ. "ತರಬೇತಿ" ಎಂದಷ್ಟೇ ಬರೆದರೆ ಕ್ಲೇಮ್ ಹೊತ್ತಿಗೆ ಜಗಳ ಶುರು. ಕಂಪನಿ ಅಥವಾ ಎಲ್‌ಎಲ್‌ಪಿ (ಹೊಣೆಗೆ ಮಿತಿ ಇರುವ ಪಾಲುದಾರಿಕೆ) ಮಾಡಿಕೊಂಡರೆ ವ್ಯವಹಾರಕ್ಕೆ ಮಾಡಿದ ಸಾಲದ ವಿಷಯಕ್ಕೆ ಒಳ್ಳೆಯದು. ಆದರೆ ನಿಮ್ಮ ಕೈಯಾರೆ ಆದ ತಪ್ಪಿನ ಹೊಣೆ ನಿಮ್ಮ ಮೇಲೇ ಇರುತ್ತದೆ.

ಏನಾದರೂ ಆಗಿಯೇಬಿಟ್ಟರೆ ಮೊದಲು ಮನುಷ್ಯರನ್ನು ನೋಡಿ, 108ಕ್ಕೆ ಫೋನ್ ಮಾಡಿ. ಅದೇ ರಾತ್ರಿ ನಡೆದದ್ದನ್ನು ಗಂಟೆ, ನಿಮಿಷದ ಸಮೇತ ಬರೆದು, ಅಲ್ಲಿದ್ದ ಇಬ್ಬರ ಸಹಿ ತೆಗೆದುಕೊಳ್ಳಿ. ವಿಮಾ ಕಂಪನಿಗೆ ಮರುದಿನವೇ ಇಮೇಲ್ ಕಳಿಸಿ, ನೋಟಿಸ್ ಬರಲಿ ಎಂದು ಕಾಯಬೇಡಿ. ಮನೆಗೆ ಹೋಗಿ ವಿಚಾರಿಸಿ, ಖಂಡಿತ ಹೋಗಿ. ಆದರೆ ವಾಟ್ಸ್ಆ್ಯಪ್‌ನಲ್ಲಿ "ತಪ್ಪು ನನ್ನದೇ, ಖರ್ಚು ನಾನೇ ಕೊಡ್ತೀನಿ" ಎಂದು ಬರೆದರೆ ವಿಮೆ ಕೈಬಿಡಬಹುದು.

ಹಾಳೆಗಳನ್ನು ಎಷ್ಟು ದಿನ ಇಡಬೇಕು ಎಂದು ಬಹಳ ಜನ ಕೇಳುತ್ತಾರೆ. ಗ್ರಾಹಕರ ದೂರಿಗೆ ಇರುವ ಅವಧಿ 2 ವರ್ಷ, ಆಯೋಗ ವಿಳಂಬವನ್ನು ಮನ್ನಿಸಲೂಬಹುದು. ನಾನು ದೊಡ್ಡವರದನ್ನು 5 ವರ್ಷ ಇಡುತ್ತೇನೆ. ಮಕ್ಕಳಿಗೆ ಸಿವಿಲ್ ದಾವೆಯ ಕಾಲ 18 ತುಂಬಿದ ಮೇಲೆ ಎಣಿಕೆಯಾಗುತ್ತದೆ, ಹಾಗಾಗಿ ಅವರ ಹಾಳೆಗಳನ್ನು 21 ದಾಟುವ ತನಕ ಬೀರುವಿನಲ್ಲಿಟ್ಟು ಬೀಗ ಹಾಕಿ.